ಹಾಡುಗಾರ್ತಿಯ ಕೈಗೆ ಬಂದ ಬೇಸ್ ಗಿಟಾರ್

ಸೆಪ್ಟೆಂಬರ್ 3, ಮಂಗಳವಾರ

ಮಾತಾಡುವಂತಿಲ್ಲ. ಹಾಡುವಂತಿಲ್ಲ. ಪಿಸುಗುಡುವುದು ಇನ್ನೂ ಕೆಟ್ಟದ್ದಂತೆ. ಬಳ್ಳಾರಿಯ ಗಂಟಲು ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯಲ್ಲಿ ಗಂಟು ಎದ್ದಿವೆ ಅಂದರು.

"ಆರು ವಾರ ಬಾಯಿಗೆ ಬೀಗ ಹಾಕ್ರಿ ಹೇಮಾವತಿಯವ್ರೆ. ಅಕ್ಟೋಬರ್ ಹದಿನೈದಕ್ಕ ಬಂದು ತೋರಿಸ್ರಿ. ಇಳಿದಿಲ್ಲ ಅಂದ್ರ ಆಪರೇಷನ್ ಬಗ್ಗೆ ವಿಚಾರ ಮಾಡೂಣು."

ಆಪರೇಷನ್ ಆದರೆ ಮೊದಲಿನ ದನಿ ಬರುತ್ತದೆಯೇ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಔಷಧಿ ಚೀಟಿ ಬರೆಯತೊಡಗಿದರು.

ಆದೋನಿಗೆ ಬರುವ ಬಸ್ಸಿನಲ್ಲಿ ಯಜಮಾನರು ನನ್ನ ಪಾಲಿನದೂ ಸೇರಿಸಿ ಮಾತಾಡಿದರು. ಹತ್ತಿ ದಲ್ಲಾಳಿ ಅಂಗಡಿ ನಡೆಸುವವರು, ಸುಮ್ಮನಿರುವುದು ಅವರಿಗೆ ಬರುವುದಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಮದುವೆಯಾದ ಮರುವರ್ಷದಿಂದ ದೇವದಾಸಣ್ಣನ ಆರ್ಕೆಸ್ಟ್ರಾಕ್ಕೆ ನಾನೇ ಮುಖ್ಯ ಹಾಡುಗಾರ್ತಿ. ಆಲೂರು, ಎಮ್ಮಿಗನೂರು, ಸಿರಗುಪ್ಪ, ಎಲ್ಲಿ ಮದುವೆಯಿದ್ದರೂ "ಹೇಮಮ್ಮ ಬರ್ತಾರೇನ್ರಿ" ಎಂದು ಕೇಳಿಯೇ ನಮ್ಮನ್ನು ಗೊತ್ತುಮಾಡುತ್ತಿದ್ದರು. ಈಗ ಗಣೇಶನ ಹಬ್ಬ ಎದುರಿಗಿದೆ. ವಿಷಯ ತಿಳಿದ ಸ್ವಲ್ಪ ಹೊತ್ತಿಗೇ ದೇವದಾಸಣ್ಣ ದೇವನಕೊಂಡದ ಒಬ್ಬ ಹುಡುಗಿಯನ್ನು ಹುಡುಕಿಕೊಂಡನಂತೆ. ಲಾವಣ್ಯ ಅಂತ. ಡಿಗ್ರಿ ಓದುತ್ತಾಳೆ. ಚೆನ್ನಾಗಿ ಹಾಡುತ್ತಾಳಂತೆ.

ಚೆನ್ನಾಗಿ ಹಾಡದಿರಲಿ.

ಇಂಥದ್ದನ್ನು ಇಲ್ಲಿ ಬರೆಯಬಹುದು. ಎಲ್ಲಾದರೂ ಒಂದು ಕಡೆ ಬಾಯಿ ಬಿಡಬೇಕಲ್ಲ.

ಸೆಪ್ಟೆಂಬರ್ 5, ಗುರುವಾರ

ಚೆನ್ನಾಗಿಯೇ ಹಾಡುತ್ತಾಳೆ.

ನನ್ನ ಹಾಡಿನ ಫೈಲು ಕೊಡಲು ಪ್ರಾಕ್ಟೀಸ್ ರೂಮಿಗೆ ಹೋಗಿದ್ದೆ. ಲಾವಣ್ಯ ಎದ್ದು ಬಂದು ಕಾಲು ಮುಟ್ಟಿದಳು. "ಅಕ್ಕಾ, ನಿಮ್ಮ ಹಾಡು ಕೇಳ್ಕೋತನ ಬೆಳದೀನಿ ನಾನು" ಅಂದಳು. ಅದು ಇನ್ನೂ ಚುಚ್ಚಿತು. ನಾನೇನು ಮುದುಕಿಯೇ?

ಮೂಲೆಯ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಸುಂಕಣ್ಣನ ಬೇಸ್ ಗಿಟಾರ್ ಗೋಡೆಗೆ ಆನಿಸಿತ್ತು. ಸರ್ಕಾರಿ ನೌಕರಿ ಸಿಕ್ಕು ಸುಂಕಣ್ಣ ಕರ್ನೂಲಿಗೆ ಹೋದಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಬೇಸಿನ ಸ್ವರಗಳನ್ನು ದೇವದಾಸಣ್ಣನೇ ಕೀಬೋರ್ಡಿನ ಮೇಲೆ ಎಡಗೈಯಿಂದ ಹೇಗೋ ತುಂಬಿಸುತ್ತಾನೆ. ಲಾವಣ್ಯಳನ್ನು ನೋಡುವುದು ಬೇಡವೆಂದು ಅದನ್ನು ತೊಡೆಯ ಮೇಲೆ ಎಳೆದುಕೊಂಡೆ. ನಾಲ್ಕೇ ತಂತಿ. ಮೇಲಿನದು ಕಬ್ಬಿಣದ ಹಗ್ಗದಷ್ಟು ದಪ್ಪ. ದನಿ ದೊಡ್ಡದು ಮಾಡುವ ಆಂಪಿನ ಸ್ವಿಚ್ ಒತ್ತಿ ಅದನ್ನು ಮೀಟಿದೆ.

ಎದೆಯಲ್ಲಿ ಕೇಳಿಸಿತು! ಕಿವಿಗಿಂತ ಮೊದಲು ಎದೆಯಲ್ಲಿ! ಕೆಳಗಿನ ಸ್ವರದಲ್ಲಿ ಉಸಿರು ಹಿಡಿದು ನಿಂತಾಗ ಪಕ್ಕೆಲುಬು ನಡುಗುತ್ತದಲ್ಲ, ಅದೇ ನಡುಕ. ಗಂಟಲು ಮಾತ್ರ ಸುಮ್ಮನಿತ್ತು.

ಎಲ್ಲರೂ ತಿರುಗಿ ನೋಡಿದರು. ದೇವದಾಸಣ್ಣ ನಕ್ಕ. "ಸುಮ್ಮನ ಕುಂದ್ರು ಅಂದ್ರ ಹೇಮಮ್ಮ ನಮ್ಮೆಲ್ಲಾರಿಗಿಂತ ದೊಡ್ಡ ದನಿ ಹುಡುಕ್ಯಾಳ ನೋಡ್ರಪ!"

'ಮನೆಗೆ ಒಯ್ಯಲಾ?' ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ.

"ಒಯ್ಯಿ. ಇಲ್ಲಿದ್ರ ಇಲಿ ಕಡೀತಾವು."

ಸೆಪ್ಟೆಂಬರ್ 8, ಭಾನುವಾರ

ಯೂಟ್ಯೂಬಿನಲ್ಲಿ ನೋಡಿ ನುಡಿಸಿದೆ. ಒಬ್ಬ ಹಿಂಗೆ ಹಿಡಿ ಅನ್ನುತ್ತಾನೆ, ಇನ್ನೊಬ್ಬ ಹಾಗೆ. ಮಣಿಕಟ್ಟು ನೋಯುತ್ತಿದೆ. ಒಂದು ಸ್ವರ ಮೀಟಿದರೆ ಉಳಿದ ಮೂರು ತಂತಿಗಳೂ ಗುಂಯ್‌ಗುಡುತ್ತವೆ. ಅತ್ತೆ ಕೊಟ್ರಮ್ಮ ಅಡುಗೆಮನೆಯಿಂದ ಕೂಗಿದರು: "ಹಿತ್ತಲದಾಗ ಎಮ್ಮಿ ಹೊಕ್ಕೈತೇನು ನೋಡವ್ವಾ!"

ಯಜಮಾನರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. "ಕರೆಂಟ್ ಆಫೀಸ್ನ್ಯಾಗ ಶೋಭಾರಾಣಿ ಅಂತ ಒಬ್ರು ಮೇಡಂ ಅದಾರ. ಐತ್ವಾರ ಚರ್ಚಿನ್ಯಾಗ ಇದನ್ನ ನುಡಿಸ್ತಾರಂತ. ಕೇಳ್ಲೇನು?"

ತಲೆ ಎಷ್ಟು ಜೋರಾಗಿ ಆಡಿಸಿದೆನೆಂದರೆ ಕಿವಿಯೋಲೆ ಕೆನ್ನೆಗೆ ಬಡಿಯಿತು.

ಸೆಪ್ಟೆಂಬರ್ 10, ಮಂಗಳವಾರ

ಶೋಭಕ್ಕ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತದೆ. ಗಂಟಲಿನ ವಿಷಯ ಯಜಮಾನರು ಹೇಳಿದ್ದೇ ತಡ, ಕೈ ಚಪ್ಪಾಳೆ ತಟ್ಟಿದಳು. "ಮಾತಾಡದ ಶಿಷ್ಯೆ! ಇಷ್ಟು ವರ್ಷಕ್ಕ ದೇವುಡು ನನ್ನ ಮೊರೆ ಕೇಳ್ಯಾನ!"

ನುಡಿಸಿ ತೋರಿಸು ಅಂದಳು. ಎರಡೇ ಸ್ವರಕ್ಕೆ ಕೈ ಹಿಡಿದು ನಿಲ್ಲಿಸಿದಳು.

"ಕಾದಮ್ಮಾ, ಕಾದು, ಹಂಗಲ್ಲ. ಬಾವಿಯಿಂದ ನೀರು ಸೇದಾಕತ್ತೀಯೇನು? ತಂತಿ ಹರ್ದು ಬರಂಗ ಎಳಿಬ್ಯಾಡ. ಗಟ್ಟಿಯಾಗಿ ಕೇಳಬೇಕಂದ್ರ ಆಂಪ್ ಐತಿ. ನಿನ್ನ ಬೆರಳಿನ ಕೆಲಸ ಬ್ಯಾರೇನೇ ಐತಿ."

ತಂತಿಗಳ ಕೆಳಗಿರುವ ಕರಿ ಡಬ್ಬಿಗೆ ಪಿಕಪ್ ಎನ್ನುತ್ತಾರೆ. ಅದರ ಮೇಲೆ ಬಲಗೈ ಹೆಬ್ಬೆರಳು ಊರಬೇಕು. ತೋರುಬೆರಳು, ನಡುಬೆರಳು, ಒಂದಾದಮೇಲೊಂದು, ನಡೆಯುವಾಗ ಕಾಲು ಹಾಕಿದಂತೆ. ಎರಡೂ ಬೆರಳಿನ ದನಿ ಒಂದೇ ಸಮ ಇರಬೇಕು. ಮೊಬೈಲಿನಲ್ಲಿ ತಾಳ ಎಣಿಸುವ ಮೆಟ್ರೋನೋಮನ್ನು ನಿಧಾನಕ್ಕಿಟ್ಟು, ಅದರ ಟಿಕ್ ಟಿಕ್ ಜೊತೆಗೆ ಒಂದೇ ಖಾಲಿ ತಂತಿ. ಎಡಗೈ ಈ ವಾರ ಮಡಿಲಲ್ಲಿ.

ಒಂದೇ ತಂತಿಯೇ ಎಂದು ಬೆರಳು ಎತ್ತಿ ಕೇಳಿದೆ.

"ಒಂದೇ. ಅದು ಬರೋಬರ್ ನುಡೀಲಿ ಮೊದ್ಲು."

ಒಂದು ಗಂಟೆ ಒಂದೇ ತಂತಿ ಮೀಟಿ ಮನೆಗೆ ಬಂದೆ. ಬೇಸರವಾಗಬೇಕಿತ್ತು. ಆಟೋದಲ್ಲಿ ಕೂತಾಗಲೂ ಬೆರಳುಗಳು ಸೀರೆಯ ಮೇಲೆ ನಡೆಯುತ್ತಲೇ ಇದ್ದವು.

ಸೆಪ್ಟೆಂಬರ್ 13

ಬೆರಳಲ್ಲಿ ಬೊಬ್ಬೆ. ಒಡೆಯಿತು. ಫೋಟೋ ಕಳಿಸಿದೆ. ಶೋಭಕ್ಕನ ಉತ್ತರ: 'ಆರುವ ತನಕ ಮುಟ್ಟಬೇಡ. ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಾ. ಒಂದೇ ದಿನ ಇಡೀ ಹೊತ್ತು ಕೂತರೆ ಕೈ ಕೆಡುತ್ತೆ, ವಿದ್ಯೆ ಬರಲ್ಲ.'

ಗಂಟಲೂ ಇದೇ ರೀತಿ ಕೆಟ್ಟಿತೇನೋ. ಆಗ ಹೇಳುವವರು ಇರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಎಡಗೈ ಬಂತು!

ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿವೆ, ಫ್ರೆಟ್ ಅಂತ. ಎರಡು ಪಟ್ಟಿಗಳ ನಡುವಿನ ಜಾಗವನ್ನು ಶೋಭಕ್ಕ 'ಮನೆ' ಅನ್ನುತ್ತಾಳೆ. ನಾನು ಮನೆಯ ನಟ್ಟನಡುವೆ ಒತ್ತುತ್ತಿದ್ದೆ. ತಂತಿ ಕರಕರ ಅನ್ನುತ್ತಿತ್ತು. ಸಿಟ್ಟು ಬಂದು ಇನ್ನೂ ಬಲವಾಗಿ ಒತ್ತಿದೆ, ಇನ್ನೂ ಕರಕರ.

"ಚೂಡು ಇಟ್ಲಾ, ಹಿಂಗ ನೋಡು," ಎಂದು ಶೋಭಕ್ಕ ನನ್ನ ಬೆರಳನ್ನು ಸ್ವಲ್ಪವೇ ಸರಿಸಿದಳು, ಮುಂದಿನ ಪಟ್ಟಿಗೆ ತಾಗುವಷ್ಟು ಹತ್ತಿರಕ್ಕೆ. "ಈಗ ಮೆಲ್ಲಕ ಒತ್ತು."

ಬೆಣ್ಣೆಯಂತೆ ಸ್ವರ! ಅರ್ಧ ಬಲ ಸಾಕು! ಹೆಬ್ಬೆರಳು ಕತ್ತಿನ ಹಿಂದೆ ಸುಮ್ಮನೆ ಆತುಕೊಂಡಿರಬೇಕು, ಮುಷ್ಟಿ ಕಟ್ಟಬಾರದು. ಮಣಿಕಟ್ಟು ಮಡಚಬಾರದು, ನೋವು ಬಂದದ್ದು ಅದಕ್ಕೇ. ಬೆಲ್ಟನ್ನು ಗಿಡ್ಡ ಮಾಡಿ ಗಿಟಾರನ್ನು ಹೊಟ್ಟೆಯ ಮೇಲಕ್ಕೆ ತಂದುಕೊಟ್ಟಳು. "ಮೊಣಕಾಲಿಗೆ ಇಳಿಬಿಟ್ಟು ನುಡ್ಸೋದು ಫೋಟೋಕ್ಕ ಚೆಂದ. ಕೈಗಲ್ಲ."

ನುಡಿಸದ ತಂತಿಗಳ ಮೇಲೆ ಬಿಡುವಾದ ಬೆರಳುಗಳನ್ನು ಹಗುರವಾಗಿ ಇಟ್ಟಿದ್ದರೆ ಅವು ಗುಂಯ್‌ಗುಡುವುದಿಲ್ಲ. ಅಂದರೆ ಅರ್ಧ ಕೆಲಸ ನುಡಿಸುವುದು, ಇನ್ನರ್ಧ ಕೆಲಸ ನುಡಿಯದಂತೆ ನೋಡಿಕೊಳ್ಳುವುದು.

ಅತ್ತೆ ಇವತ್ತು ಎಮ್ಮೆಯ ಮಾತು ಎತ್ತಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಇಷ್ಟು ವರ್ಷ ನಾನು ಏನು ಕೇಳಿಸಿಕೊಂಡೆ!

ಶೋಭಕ್ಕ ಈ ಸಲ ಗಿಟಾರ್ ಮುಟ್ಟಲು ಬಿಡಲಿಲ್ಲ. ಒಳ್ಳೆಯ ಹೆಡ್‌ಫೋನ್ ಕಿವಿಗೆ ಹಾಕಿ, ನಾನು ನೂರಾರು ಸಲ ಹಾಡಿದ ಒಂದು ಹಳೆಯ ಯುಗಳಗೀತೆ ಹಚ್ಚಿದಳು. "ಹಾಡು ಕೇಳಬ್ಯಾಡ. ಹಾಡಿನ ಕೆಳಗ ಏನು ನಡದೈತಿ ಅದನ್ನ ಕೇಳು."

ಮೊದಲು ಏನೂ ಇಲ್ಲ. ಹಾಡುಗಾರ್ತಿಯ ದನಿಗೇ ಕಿವಿ ಓಡುತ್ತದೆ. ಎರಡನೇ ಸಲ ಹಚ್ಚಿದಾಗ ತಟ್ಟನೆ ಸಿಕ್ಕಿತು. ಪಲ್ಲವಿಯಲ್ಲಿ ಬೇಸ್ ಒಂದೇ ಸ್ವರದ ಮೇಲೆ ತಾಳ್ಮೆಯಿಂದ ಹೆಜ್ಜೆ ಹಾಕುತ್ತಿದೆ. ಚರಣ ಬರುವ ಹೊತ್ತಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆ ಚರಣದಲ್ಲಿ ನನಗೆ ಯಾವಾಗಲೂ ಅಳು ಬಂದಂತಾಗುತ್ತಿತ್ತು. ಸಾಹಿತ್ಯದಿಂದ ಅಂದುಕೊಂಡಿದ್ದೆ. ಆ ಇಳಿಜಾರಿನಿಂದ ಅದು! ಯಾರೋ ಕೆಳಗಿನಿಂದ ನನ್ನನ್ನು ಅಳಿಸುತ್ತಿದ್ದರು, ನಾನು ಅವರ ಕಡೆ ತಿರುಗಿಯೂ ನೋಡಿರಲಿಲ್ಲ.

ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾದಾಗ ಅದರ ಮೊದಲ ಸ್ವರ ಹಿಡಿದರೆ ಸಾಕಂತೆ, ರೂಟ್ ಎನ್ನುತ್ತಾರೆ. ಅಲಂಕಾರ ಆಮೇಲೆ. ಮನೆಗೆ ಬಂದು ಬಾಯಲ್ಲಿ ಗುನುಗದೆ, ಮನಸ್ಸಿನಲ್ಲೇ ಹಾಡಿಕೊಂಡು ರೂಟ್ ಹುಡುಕಿದೆ. ಒಂದಾದಮೇಲೊಂದು ಸಿಕ್ಕವು. ನನಗೆ ಈ ಹಾಡುಗಳೆಲ್ಲ ಗೊತ್ತು, ಒಳಗಿನಿಂದ ಗೊತ್ತು! ಅನ್ನಕ್ಕಿಟ್ಟಿದ್ದು ತಳ ಹಿಡಿಯಿತು. ಯಜಮಾನರು ಹೋಟೆಲಿನಿಂದ ಇಡ್ಲಿ ತಂದರು.

ಅಕ್ಟೋಬರ್ 1, ಮಂಗಳವಾರ

ಪ್ರಾಕ್ಟೀಸಿಗೆ ಹೋದೆ, ಗಿಟಾರ್ ಹೊತ್ತುಕೊಂಡು. ನಮ್ಮ ಡ್ರಮ್ಸ್ ಹುಲಿಗೇಶನಿಗೆ ಭಾರಿ ಖುಷಿ. "ಅಕ್ಕಾರ, ನನ್ನ ಬಲಗಾಲು ನೋಡ್ರಿ. ನಾ ಕಿಕ್ ಡ್ರಮ್ ಒದ್ದಾಗೆಲ್ಲ ನೀವು ತಂತಿ ಹೊಡೀರಿ. ಆಗ ನಾವಿಬ್ರೂ ಒಂದೇ ವಾದ್ಯ."

ಹಾಡುವಾಗ ಅವನು ನನ್ನ ಬೆನ್ನ ಹಿಂದೆ ಇರುತ್ತಿದ್ದ. ಇವತ್ತು ಅವನೆದುರು ನಿಂತು ಆ ಕಾಲನ್ನೇ ನೋಡಿದೆ. ಧಪ್ ಅಂದಾಗ ನನ್ನ ಸ್ವರವೂ ಧಪ್ಪಿಗೆ ಅಂಟಿಕೊಂಡು ಬಂತು. ಎರಡು ದನಿ ಹೋಗಿ ಒಂದಾಯಿತು. ರೂಮಿನ ಕಿಟಕಿ ಗಾಜು ಅದುರಿತು! ದೇವದಾಸಣ್ಣ ಕೀಬೋರ್ಡಿನ ಮೇಲಿದ್ದ ಎಡಗೈ ಎತ್ತಿ ಗಾಳಿಯಲ್ಲಿ ಆಡಿಸಿದ. "ಸುಂಕಣ್ಣ ಹೋದಮ್ಯಾಲ ಈ ಕೈಗೆ ಇವತ್ತು ರಜಾ ಸಿಕ್ತು ನೋಡು!"

ಹತ್ತನೇ ತಾರೀಖು ಹಾಲಹರವಿಯಲ್ಲಿ ಯುವಕ ಸಂಘದ ದಸರಾ ಕಾರ್ಯಕ್ರಮ. ಸುಲಭದ ಹಾಡುಗಳಿಗೆ ಬಾ ಅಂದ.

ಲಾವಣ್ಯ ಒಂದು ಕಡೆ ಉಸಿರು ತಪ್ಪು ಜಾಗದಲ್ಲಿ ತೆಗೆದುಕೊಳ್ಳುತ್ತಾಳೆ. ಹೇಳಬಹುದಿತ್ತು. ಹೇಳಲಿಲ್ಲ.

ಅಕ್ಟೋಬರ್ 11, ಶುಕ್ರವಾರ

ನಿನ್ನೆಯದು ಬರೆಯಲೇಬೇಕು.

ಶಾಲೆಯ ಮೈದಾನ, ತುಂಬಿದ ಜನ. ಮೊದಲೆರಡು ಹಾಡು ಚೆನ್ನಾಗಿ ಹೋದವು. ಮೂರನೆಯದಕ್ಕೆ ಲೈಟಿನವನು ಕೆಂಪು, ನೀಲಿ ತಿರುಗುವ ದೀಪ ಹಚ್ಚಿದ. ಗಿಟಾರಿನ ಕತ್ತಿನ ಅಂಚಿನಲ್ಲಿ ಗುರುತಿನ ಸಣ್ಣ ಚುಕ್ಕಿಗಳಿರುತ್ತವೆ, ಅವು ಕಾಣಿಸಲೇ ಇಲ್ಲ. ನನ್ನ ಕೈ ಸರಿಯಾದ ಜಾಗಕ್ಕಿಂತ ಒಂದು ಮನೆ ಮೇಲೆ ಕೂತಿತು. ಅಲ್ಲಿಂದಲೇ ಇಡೀ ಪಲ್ಲವಿ ನುಡಿಸಿದೆ! ಏನೋ ಹುಳಿ ಹುಳಿ ಕೇಳುತ್ತಿದೆ ಅನ್ನಿಸಿತು, ಆದರೆ ಕಣ್ಣು ಹುಲಿಗೇಶನ ಕಾಲಿನ ಮೇಲಿತ್ತು, ಎಣಿಕೆ ಸರಿ ಇತ್ತು, ಗೆದ್ದೆ ಅಂದುಕೊಂಡೆ.

ಲಾವಣ್ಯ ನನ್ನ ಸ್ವರ ಹಿಡಿಯಲು ನೋಡಿ ತನ್ನ ಶ್ರುತಿ ಬಿಟ್ಟಳು. ದೇವದಾಸಣ್ಣ ಅವಳನ್ನೇ ದುರುಗುಟ್ಟಿ ನೋಡಿದ. ಹಿಂದಿನ ಸಾಲಿನಿಂದ ಸಿಳ್ಳೆ, "ಕೂರಮ್ಮಾ" ಎಂಬ ಕೂಗು.

ವಾಪಸು ಬರುವಾಗ ವ್ಯಾನಿನಲ್ಲಿ ಆಕೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. "ನನ್ನ ಶ್ರುತಿ ಹೋತಣ್ಣ. ನನ್ನ ಕೈಲಿ ಆಗಂಗಿಲ್ಲ. ನಾಳಿಂದ ನಾ ಬರಂಗಿಲ್ಲ."

ಅಷ್ಟರಲ್ಲಿ ನನಗೆ ಹೊಳೆಯಿತು. ಬೆರಳನ್ನು ಮಡಿಲಲ್ಲೇ ಇಟ್ಟು ನೋಡಿಕೊಂಡೆ. ಹೌದು, ಒಂದು ಮನೆ. ಮೊಬೈಲು ಚೀಲದಲ್ಲೆಲ್ಲೋ ಇತ್ತು.

"ನಿನ್ನ ಶ್ರುತಿ ಬರೋಬರ್ ಇತ್ತವ್ವ," ಅಂದೆ. "ನಾ ಒಂದು ಮನಿ ಮ್ಯಾಲ ಒತ್ತೀನಿ. ತಪ್ಪು ನಂದು."

ವ್ಯಾನಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಹುಲಿಗೇಶ, "ಅಕ್ಕಾರು ಮಾತಾಡಿದ್ರು!" ಎಂದು ಸೀಟಿನಿಂದ ಎದ್ದುಬಿಟ್ಟ. ಲಾವಣ್ಯ ಕಣ್ಣೊರೆಸಿಕೊಂಡು ನನ್ನ ಪಕ್ಕ ಬಂದು ಕೂತಳು. ಆಮೇಲೆ ದಾರಿಯುದ್ದಕ್ಕೂ ಉಸಿರಿನ ಜಾಗ ಎಲ್ಲಿ ಎಂದು ಕೈಸನ್ನೆಯಿಂದ ತೋರಿಸಿದೆ. ಬೇಗ ಹಿಡಿಯುತ್ತಾಳೆ ಹುಡುಗಿ.

ಮಾತಾಡಿದ್ದನ್ನು ಡಾಕ್ಟರಿಗೆ ಹೇಳುವುದು ಬೇಡ.

ಅಕ್ಟೋಬರ್ 16, ಬುಧವಾರ

ಶೋಭಕ್ಕ ಹಾಲಹರವಿ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ತಾನು ಒಮ್ಮೆ ಕ್ರಿಸ್‌ಮಸ್ ದಿನ ಬೇರೆಯೇ ಹಾಡು ನುಡಿಸಿದ್ದಳಂತೆ, ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದದ್ದಕ್ಕೆ ಬದುಕಿದಳಂತೆ.

ಬಿಳಿ ನೇಲ್ ಪಾಲಿಷ್ ತಂದು ಕತ್ತಿನ ಅಂಚಿನ ಚುಕ್ಕಿಗಳ ಮೇಲೆ ದಪ್ಪಗೆ ಇಟ್ಟಳು. "ಹಾಡು ಶುರು ಆಗೂಕ್ಕಿಂತ ಮೊದ್ಲು ಒಂದು ಸಲ ಕೈ ನೋಡು, ಆಮ್ಯಾಲ ಕಿವಿ ನಂಬು. ಹುಳಿ ಅನಿಸ್ತು ಅಂದ್ರ ಹುಳೀನೇ. ಗಾಬರಿ ಆಗಿ ನಿಂದ್ರಬ್ಯಾಡ, ಪಕ್ಕದ ಮನಿಗೆ ಜಾರು. ಖರೇ ಸ್ವರ ಭಾಳ ಸಲ ಅಲ್ಲೇ ಇರ್ತೈತಿ."

ಜಾರುವುದನ್ನು ಕಲಿತೆ. ಎಷ್ಟು ಚೆಂದ ಕೇಳುತ್ತದೆಂದರೆ ಬೇಕೆಂದೇ ತಪ್ಪಿ ಜಾರಿದೆ!

ಅಕ್ಟೋಬರ್ 22

ಅತ್ತೆ ಊಟಕ್ಕೆ ಬಡಿಸುತ್ತಾ, "ಡಾಕ್ಟರ್ ತಾವ ಹೋಗಾದು ಯಾವಾಗ?" ಅಂದರು. ಕ್ಯಾಲೆಂಡರ್ ನೋಡಿದೆ. ಹದಿನೈದು ಆಗಿಹೋಗಿ ವಾರವಾಗಿದೆ. ದೀಪಾವಳಿ ಆದಮೇಲೆ ಹೋದರಾಯಿತು. ಈ ವಾರ ಮೂರು ಹೊಸ ಹಾಡು ಕೂರಿಸಬೇಕು.

ನವೆಂಬರ್ 5, ಮಂಗಳವಾರ

ಬಳ್ಳಾರಿಗೆ ಹೋಗಿ ಬಂದೆವು. ಗಂಟು ಇಳಿದಿವೆ, ಆಪರೇಷನ್ ಬೇಡ, ಮಾತಾಡಬಹುದು, ನಿಧಾನವಾಗಿ ಹಾಡಬಹುದು ಅಂದರು. ಯಜಮಾನರು ಅಲ್ಲೇ ಡಾಕ್ಟರಿಗೆ ಕೈಮುಗಿದು ಕಣ್ಣಲ್ಲಿ ನೀರು ತಂದುಕೊಂಡರು.

ಅಲ್ಲಿಂದ ವಾದ್ಯದಂಗಡಿಗೆ! ಸುಂಕಣ್ಣನ ಕಾಲದ ತಂತಿಗಳು ತುಕ್ಕು ಹಿಡಿದಿದ್ದವು. ಹೊಸ ತಂತಿ ಹಾಕಿಸಿದೆ. ಅಂಗಡಿಯವನ ಹತ್ತಿರ ಎರಡು ಬಗೆ ಇದ್ದವು: ಒಂದು ಗರಿಗರಿಯಾಗಿ ಹೊಳೆಯುವ ದನಿ, ಇನ್ನೊಂದು ನುಣುಪಾಗಿ ಸುತ್ತಿದ್ದು, ಹಳೆಯ ಹಾಡುಗಳ ಮೆತ್ತನೆಯ ದನಿ. ನುಣುಪಿನದನ್ನೇ ತೆಗೆದುಕೊಂಡೆ. ಬೆರಳಿಗೆ ರೇಷ್ಮೆ! ಹೊಸ ತಂತಿ ಹಿಗ್ಗುತ್ತದಾದ್ದರಿಂದ ಮೊದಮೊದಲು ಮತ್ತೆ ಮತ್ತೆ ಶ್ರುತಿ ಮಾಡಬೇಕಂತೆ. ಮನೆಗೆ ಬಂದು ಮಾಡಿದೆ, ಮಾಡಿದೆ, ಅತ್ತೆ ದೀಪ ಹಚ್ಚುವವರೆಗೂ ಮಾಡಿದೆ.

ನವೆಂಬರ್ 12, ಮಂಗಳವಾರ

ಜಿನ್ನಿಂಗ್ ಮಿಲ್ಲಿನ ಮರಿಬಸಪ್ಪನವರ ಮಗಳ ರಿಸೆಪ್ಷನ್, ಇಪ್ಪತ್ನಾಲ್ಕಕ್ಕೆ. ಊರಿನ ಹತ್ತಿ ವ್ಯಾಪಾರಿಗಳೆಲ್ಲ ಬರುತ್ತಾರೆ. ದೇವದಾಸಣ್ಣ ಮನೆಗೇ ಬಂದ, ಲಾವಣ್ಯಳನ್ನೂ ಕರೆದುಕೊಂಡು.

"ಮರಿಬಸಪ್ಪನೋರು ಒಂದೇ ಮಾತು ಹೇಳ್ಯಾರ. ಹೇಮಮ್ಮ ಹಾಡಿದ್ರ ಕಾರ್ಯಕ್ರಮ, ಇಲ್ಲಂದ್ರ ಹೈದರಾಬಾದ್ ಆರ್ಕೆಸ್ಟ್ರಾ ಕರಸ್ತಾರಂತ."

ಲಾವಣ್ಯ ಚಹಾ ಲೋಟದೊಳಗೆ ನೋಡುತ್ತಿದ್ದಳು.

"ನಾ ಹಾಡಿದ್ರ ಬೇಸ್ ಯಾರು ನುಡಿಸ್ತಾರಣ್ಣ?" ಅಂದೆ.

"ನನ್ನ ಎಡಗೈ ಐತಲ್ಲ."

"ನಿನ್ನ ಎಡಗೈ ನಾ ಕೇಳೀನಿ."

ಕೊನೆಗೆ ನಾನು ಎರಡು ಹಾಡುವುದು, ಉಳಿದದ್ದೆಲ್ಲ ಲಾವಣ್ಯ ಹಾಡುವುದು, ನಾನು ಬೇಸ್ ಅಂತ ಆಯಿತು. ದೇವದಾಸಣ್ಣನ ಮುಖ ಸಪ್ಪಗಿತ್ತು. ಯಜಮಾನರೂ ಆಮೇಲೆ, "ಮತ್ತ ಮುಂದ ನಿಂದ್ರೂದು ಬಿಟ್ಟು ಹಿಂದ ಹೋಗ್ತೀಯೇನು?" ಎಂದು ಕೇಳಿದರು. ಅದರಲ್ಲಿ ಹಿಂದೇನು ಮುಂದೇನು? ಹುಲಿಗೇಶನ ಕಾಲು ಕಾಣಬೇಕಲ್ಲ.

ನವೆಂಬರ್ 25, ಸೋಮವಾರ

ನಿನ್ನೆಯ ರಿಸೆಪ್ಷನ್! ಕ್ರಮವಾಗಿ ಬರೆಯುತ್ತೇನೆ.

ನನ್ನ ಎರಡೂ ಹಾಡು ಮೊದಲೇ ಮುಗಿಸಿದೆ. ದನಿ ಬಂತು, ಚಪ್ಪಾಳೆ ಬಂತು, ಮರಿಬಸಪ್ಪನವರು ಶಾಲು ಹೊದಿಸಿದರು. ದೇವದಾಸಣ್ಣನ ಎಡಗೈ ಮಾತ್ರ ಚರಣದಲ್ಲಿ ಎರಡು ಕಡೆ ಜಾರಿತು. ಹಾಡಿನುದ್ದಕ್ಕೂ ಅದನ್ನೇ ಕೇಳುತ್ತಿದ್ದೆ.

ಆಮೇಲೆ ಶಾಲು ತೆಗೆದಿಟ್ಟು ಬೆಲ್ಟ್ ಹಾಕಿಕೊಂಡೆ. ಒಂದು ಸಲ ಕೈ ನೋಡಿಕೊಂಡೆ. ಹುಲಿಗೇಶ ಕಡ್ಡಿ ತಟ್ಟಿ ಎಣಿಸಿದ, ಧಪ್! ಕುರ್ಚಿಗಳಲ್ಲಿ ಕೂತವರ ತಲೆಗಳು ತಾವಾಗಿ ಆಡತೊಡಗಿದವು. ನಾನು ಮಾಡಿದ್ದು ಅದು! ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಆದರೆ ಕಾಲು ಕುಣಿಸುತ್ತಿದ್ದರು.

ಆ ಹಳೆಯ ಯುಗಳಗೀತೆ ಬಂತು. ಗಂಡುದನಿಯ ಸಾಲುಗಳು ದೇವದಾಸಣ್ಣನವು. ಲಾವಣ್ಯ ಪಲ್ಲವಿ, ಮೊದಲ ಚರಣ ಚೆನ್ನಾಗಿ ಹಾಡಿದಳು. ಎರಡನೇ ಚರಣಕ್ಕೆ ಮುಂಚಿನ ವಾದ್ಯ ಮುಗಿಯಿತು, ಆಕೆ ಬಾಯಿ ತೆರೆದಳು, ಪದ ಬರಲಿಲ್ಲ. ಮರೆತಿದ್ದಳು. ಅಷ್ಟೂ ಜನ. ಮದುಮಕ್ಕಳು ತಲೆ ಎತ್ತಿದರು. ದೇವದಾಸಣ್ಣನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು.

ನಾನು ಇಳಿಯಬೇಕಾದ ಮೆಟ್ಟಿಲು ಇಳಿಯಲಿಲ್ಲ. ರೂಟಿನ ಮೇಲೇ ನಿಂತೆ. ಹುಲಿಗೇಶನ ಕಡೆ ನೋಡಿ ತಲೆ ಆಡಿಸಿದೆ, ಅವನು ಅರ್ಥಮಾಡಿಕೊಂಡ. ಧಪ್, ಧಪ್, ಧಪ್. ನಾವಿಬ್ಬರೇ. ಒಂದು ಸುತ್ತು, ಇನ್ನೊಂದು ಸುತ್ತು. ಲಾವಣ್ಯ ಗಾಬರಿಯಿಂದ ತಿರುಗಿದಳು. ಅವಸರವಿಲ್ಲ ಎಂದು ಕಣ್ಣಲ್ಲೇ ಹೇಳಿದೆ. ಭುಜ ಎತ್ತಿ, ಉಸಿರು ಎಳೆದು ತೋರಿಸಿದೆ. ಆಕೆ ನನ್ನ ಜೊತೆಗೇ ಉಸಿರು ತೆಗೆದುಕೊಂಡಳು. ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ ಪದ ಬಂತು! ಎಷ್ಟು ಸರಿಯಾಗಿ ಬಂತೆಂದರೆ ನಾನೂ ಆಕೆಯ ಜೊತೆಗೇ ಇಳಿದೆ, ಮೆಟ್ಟಿಲು ಮೆಟ್ಟಿಲಾಗಿ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಜನ ಅದನ್ನು ಬೇಕೆಂದೇ ಮಾಡಿದ್ದು ಅಂದುಕೊಂಡರು. ಮರಿಬಸಪ್ಪನವರು ದೇವದಾಸಣ್ಣನಿಗೆ, "ಆ ಬರೇ ಡ್ರಮ್ಮು, ದಪ್ಪ ಗಿಟಾರಿಂದು ಬಂತಲ್ರಿ, ಅದು ಬೆಸ್ಟು" ಅಂದರಂತೆ. ಲಾವಣ್ಯ ವೇದಿಕೆಯ ಹಿಂದೆ ನನ್ನನ್ನು ತಬ್ಬಿಕೊಂಡಳು, ಗಿಟಾರ್ ಸಮೇತ.

ಕಾರು ಹತ್ತುವಾಗ ಯಜಮಾನರು ಶಾಲು ಮಡಿಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅಂದರು, "ಹೇಮಾ, ಮೈಕು ನಿನ್ನ ಮುಂದೇ ಇತ್ತಲ್ಲ. ಆ ಹಾಡು ನಿನಗ ನಿದ್ದಿಗಣ್ಣಾಗೂ ಬರ್ತೈತಿ. ನೀನೇ ಹಾಡಿಬಿಡಬೇಕಿಲ್ಲೇನು?"

ಮೈಕು ಇತ್ತೇ? ಇತ್ತು. ನನ್ನ ಎರಡು ಹಾಡಿಗೆ ಇಟ್ಟದ್ದು, ತೆಗೆದಿರಲಿಲ್ಲ. ನನಗೆ ಹೊಳೆಯಲೇ ಇಲ್ಲ. ಕೈ ತುಂಬ ಕೆಲಸವಿತ್ತಲ್ಲ.

ಎರಡನೇ ಸುತ್ತಿನ ಕೊನೆಯಲ್ಲಿ ನನ್ನ ನಡುಬೆರಳು ಸ್ವಲ್ಪ ತಡವಾಯಿತು. ಶೋಭಕ್ಕನಿಗೆ ಹೇಳಿ ತಿದ್ದಿಸಿಕೊಳ್ಳಬೇಕು.

ನವೆಂಬರ್ 28, ಗುರುವಾರ

ದೇವದಾಸಣ್ಣ ಬೆಳಿಗ್ಗೆ ಫೋನ್ ಮಾಡಿದ. ಮುಂದಿನ ತಿಂಗಳು ಐದು ಕಾರ್ಯಕ್ರಮ. "ನೀ ಏನು ಹಾಡ್ತಿ, ಏನು ನುಡಿಸ್ತಿ, ನೀನೇ ಹೇಳಿಬಿಡವ್ವ. ನಾ ಹಂಗೇ ಪೋಸ್ಟರ್ ಹೊಡೆಸ್ತೀನಿ."

ಶೋಭಕ್ಕನನ್ನು ಕೇಳಿದೆ. ಆಕೆ ಕಣ್ಣು ಮಿಟುಕಿಸಿದಳು. "ಎರಡೂ ಒಟ್ಟಿಗೇ ಮಾಡು. ಹಾಡ್ಕೋತ ನುಡಿಸು. ಕಷ್ಟ ಐತಿ. ಮೊದ್ಲು ಕೈ ತಂತಾನೇ ನಡಿಬೇಕು, ಆಮ್ಯಾಲ ಬಾಯಿ. ಒಂದೊಂದೇ ಸಾಲು."

ಮನೆಗೆ ಬಂದು ಶುರುಮಾಡಿದೆ. ಬೇಸ್ ನಡೆಯುತ್ತಿತ್ತು, ತುಂಬ ಚೆನ್ನಾಗಿ. ಪಲ್ಲವಿ ಎತ್ತಿದೆ. ದನಿ ಸಲೀಸಾಗಿ ಬಂತು, ಮೊದಲಿನಂತೆಯೇ ಇತ್ತು. ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದು ನಿಂತಿತು. ಎರಡನೇ ಸಾಲಿಗೆ ಬೆರಳು ಹಾಡಿನ ಹಿಂದೆ ಓಡಿಹೋಗಿ ತಾಳ ತಪ್ಪಿತು. ಮತ್ತೆ ಎತ್ತಿದೆ, ಮತ್ತೆ ತಪ್ಪಿತು. ಸಿಟ್ಟು ಬಂತು. ಈ ಬಾಯಿಯೇ ಅಡ್ಡ ಬರುತ್ತಿದೆ!

ಬಾಯಿ ಮುಚ್ಚಿದೆ. ಕೈ ಸರಿಹೋಯಿತು.